ನವೆಂಬರಿನ ಕಪೌ

ಟೀವಿಯಲ್ಲಿ ಅಸ್ಸಾಮಿನ ಬಿಹು ಕುಣಿತ. ತಿಂಗಳು ನವೆಂಬರ್, ಯಾವುದೋ ಉದ್ಘಾಟನೆ. ಮುಗಾ ರೇಷ್ಮೆಯ ಮೇಖೇಲಾ ಚಾದರ್ ಉಡುಗೆ ಸರಿಯಾಗಿದೆ, ಢೋಲಿನ ಪೆಟ್ಟೂ ಬಿಗಿಯಾಗಿದೆ. ಆದರೆ ಹುಡುಗಿಯರೆಲ್ಲರ ತುರುಬಿನಲ್ಲೂ ಒಂದೇ ಅಚ್ಚಿನ ಕಡುಗುಲಾಬಿ ಪ್ಲಾಸ್ಟಿಕ್ ಹೂ. ಕಪೌ ಅಂತೆ! ನವೆಂಬರಿನಲ್ಲಿ ಕಪೌ ಎಲ್ಲಿಂದ ಬರಬೇಕು?

ಕಪೌ ಎಂದರೆ ಬೇರೇನೂ ಅಲ್ಲ, ನಮ್ಮ ಮಲೆನಾಡಿನ ಸೀತಾಳೆ ದಂಡೆ ಎಂಬ ಆರ್ಕಿಡ್ಡೇ. ಅಸ್ಸಾಮಿನಲ್ಲಿ ಅದು ಅರಳುವುದು ಏಪ್ರಿಲ್-ಮೇ ತಿಂಗಳಲ್ಲಿ, ಬೊಹಾಗ್ ಬಿಹು ಹಬ್ಬದ ಹೊತ್ತಿಗೆ. ಮಣ್ಣು ಬೇಡದ ಗಿಡ. ಮಾವು, ಹಲಸಿನ ಕೊಂಬೆಗೆ ಬೇರು ಕಚ್ಚಿ ಕೂರುತ್ತದೆ. ಅಂಗಳದಲ್ಲಿ ಬೆಳೆಸುವುದಾದರೆ ಒರಟು ತೊಗಟೆಯ ಮರ ಹುಡುಕಿ, ತೆಂಗಿನ ನಾರು ಒತ್ತಿಟ್ಟು, ಹತ್ತಿ ದಾರದಲ್ಲಿ ಕಟ್ಟಬೇಕು. ತಂತಿ ಬಿಗಿದರೆ ಬೇರು ಕತ್ತರಿಸುತ್ತದೆ, ಬುಡಕ್ಕೆ ಮಣ್ಣು ಮೆತ್ತಿದರೆ ಕೊಳೆಯುತ್ತದೆ. ದಟ್ಟ ನೆರಳಿದ್ದರೆ ಎಲೆ ಸೊಕ್ಕುತ್ತದೆ, ಹೂ ಮಾತ್ರ ಬರದು. ಇಷ್ಟೆಲ್ಲ ಮಾಡಿಯೂ ಮೊದಲ ಹೂದಂಡೆಗೆ ವರ್ಷಗಟ್ಟಲೆ ಕಾಯಬೇಕು, ಅಷ್ಟರಲ್ಲಿ ನೆರೆಮನೆಯವರು ಆ ಕೊಂಬೆಯನ್ನೇ ಕಡಿಸದಿದ್ದರೆ.

ಒಂದು ದಂಡೆಗೆ ನೂರಕ್ಕೂ ಮೀರಿ ಹೂ, ಬಿಳಿಯ ಮೇಲೆ ನಸುನೇರಳೆ ಚುಕ್ಕೆ. ದಂಡೆಯನ್ನಷ್ಟೇ ಚಾಕುವಿನಲ್ಲಿ ಕೊಯ್ಯಬೇಕು. ಎಳೆದರೆ ಗಿಡವೇ ಕಿತ್ತು ಬರುತ್ತದೆ. ತುರುಬಿನ ಸುತ್ತ ಬಳಸಿ, ತುದಿಯನ್ನು ಇಳಿಬಿಟ್ಟು, ಪಿನ್ನನ್ನು ಕಾಂಡದ ಮೇಲೆ ಸಿಕ್ಕಿಸಬೇಕು, ಹೂವಿಗಲ್ಲ. ಮುಂದಕ್ಕೆ ಬಾಗಿ ಸೊಂಟ ತೂಗುವ ಕುಣಿತ. ತುರುಬು ಸಡಿಲವಿದ್ದರೆ ಎರಡನೇ ಸುತ್ತಿಗೇ ಹೂ ಹೆಗಲ ಮೇಲೆ. ನಿಜವಾದ ದಂಡೆ ಕುಣಿಯುವವಳಿಗಿಂತ ಅರೆಗಳಿಗೆ ತಡವಾಗಿ ಓಲಾಡುತ್ತದೆ. ಪ್ಲಾಸ್ಟಿಕ್ಕಿನದು ಮೊಳೆ ಹೊಡೆದಂತೆ ನಿಂತಿರುತ್ತದೆ.

ಇದರ ಮೇಲೆ ನಿರೂಪಕರು ಬೇರೆ, ಇದು ಸುಗ್ಗಿಯ ಕುಣಿತ ಎಂದು ಸಾರುತ್ತಾರೆ. ಈ ಕುಣಿತ ಬೊಹಾಗಿನದು. ಬೊಹಾಗ್ ಎಂದರೆ ಹೊಸ ವರ್ಷ, ಉಳುಮೆಗೆ ಮಳೆ ಕಾಯುವ ಕಾಲ. ಆಗ ಎಲ್ಲಿಯ ಸುಗ್ಗಿ? ಕೊಯ್ಲಿನದು ಜನವರಿಯ ಮಾಘ್ ಬಿಹು. ಅಲ್ಲಿ ಮೇಜಿ ಎಂಬ ಹುಲ್ಲು-ಸೌದೆಯ ಗೋಪುರಕ್ಕೆ ಬೆಂಕಿ ಕೊಟ್ಟು, ಪಿಠಾ ಎಂಬ ಅಕ್ಕಿಯ ತಿಂಡಿ ತಿನ್ನುವುದೇ ದೊಡ್ಡ ಕೆಲಸ. ಅಕ್ಟೋಬರಿನ ಕಾತಿ ಬಿಹುವಿನಲ್ಲಂತೂ ಕಣಜ ಖಾಲಿ. ತುಳಸಿಯ ಬುಡಕ್ಕೆ ಹಣತೆ ಹಚ್ಚಿದರೆ ಮುಗಿಯಿತು.

2023ರ ಏಪ್ರಿಲಿನಲ್ಲಿ ಗುವಾಹಟಿಯ ಸರುಸಜಾಯ್ ಕ್ರೀಡಾಂಗಣದಲ್ಲಿ 11 ಸಾವಿರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಬಿಹು ಕುಣಿದು ಗಿನ್ನೆಸ್ ಸೇರಿದರು. ತಿಂಗಳೇನೋ ಸರಿಯಾಗಿತ್ತು. ಆದರೆ ಅಷ್ಟು ತುರುಬಿಗೆ ನಿಜವಾದ ಕಪೌ ಬೇಕೆಂದು ಹಟ ಹಿಡಿದರೆ ಕಾಡಿನ ಮರಗಳೆಲ್ಲ ಬೋಳು. ಹಾಗಾದರೆ ಪ್ಲಾಸ್ಟಿಕ್ಕೇ ವಾಸಿ ಎನ್ನಬೇಕಾಗುತ್ತದೆ. ಎನ್ನಲು ಮನಸ್ಸಿಲ್ಲ. ಆ ಅಚ್ಚು ಮಾಡುವವರು ಒಂದಿಷ್ಟು ಬಿಳಿಯನ್ನಾದರೂ ಸೇರಿಸಬಾರದೇ?