ರಣಹದ್ದಿಗಿರುವ ಭಾಗ್ಯ

2025ರ ಜೂನ್ ತಿಂಗಳಿಗೆ ಒಂದು ಸನ್ಮಾನ ಮಾಡಬೇಕಿತ್ತು. ಅಂಗಡಿ, ಆಫೀಸಿನವರ ದಿನದ ದುಡಿಮೆಯನ್ನು 9ರಿಂದ 10 ಗಂಟೆಗೆ, ಓಟಿ ಸೇರಿದರೆ 12ಕ್ಕೆ ಏರಿಸುವ ಕರ್ನಾಟಕ ಸರ್ಕಾರದ ಪ್ರಸ್ತಾಪ ಹೊರಬಂದದ್ದು ಆ ತಿಂಗಳು. 21ನೇ ತಾರೀಕು ಯೋಗ ದಿನ ಬಂದದ್ದೂ ಅದೇ ತಿಂಗಳು. ಬೆಳಿಗ್ಗೆ ನೀವು ಬೆನ್ನು ನೆಟ್ಟಗೆ ಮಾಡಿಕೊಂಡು ಬನ್ನಿ, ರಾತ್ರಿಯವರೆಗೆ ಬಗ್ಗಿಸುವ ಕೆಲಸ ನಮಗೆ ಬಿಡಿ! ಇಂಥ ಹೊಂದಾಣಿಕೆ ಸಂಪುಟದಲ್ಲೂ ಕಾಣಸಿಗದು.

ಕಾರ್ಖಾನೆಯವರಿಗೆ ಈ 12 ಗಂಟೆ 2023ರ ತಿದ್ದುಪಡಿಯಲ್ಲೇ ಸಿಕ್ಕಿತ್ತು. ವಾರಕ್ಕೆ 48 ಗಂಟೆ ದಾಟುವುದಿಲ್ಲವಲ್ಲ, ನಿಮಗೇನು ಕಷ್ಟ ಅಂದರು. ಕಷ್ಟ ಇಷ್ಟೇ ಸ್ವಾಮಿ, ಸ್ನಾಯುವಿಗೆ ವಾರದ ಲೆಕ್ಕ ಬರುವುದಿಲ್ಲ. ದಣಿದ ಮೇಲಿನ ಒಂದು ಗಂಟೆಯೂ ಬೆಳಗಿನ ಒಂದು ಗಂಟೆಯೂ ಹಾಜರಿ ಪುಸ್ತಕದಲ್ಲಿ ಸಮ, ಸೊಂಟದಲ್ಲಿ ಸಮವಲ್ಲ.

ಗಾರ್ಮೆಂಟ್ಸ್ ಲೈನಿನ ಸ್ಟೂಲನ್ನೇ ನೋಡಿ. ಬೆನ್ನಿಗೆ ಆಸರೆಯಿಲ್ಲ, ಎತ್ತರ ಎಲ್ಲರಿಗೂ ಒಂದೇ. ಕುಳ್ಳಗಿರುವ ಟೈಲರಮ್ಮನ ಹಿಮ್ಮಡಿ ಪೆಡಲಿಗೆ ಊರುವುದಿಲ್ಲ, ಸ್ಟೂಲಿನ ಅಂಚು ತೊಡೆಗೆ ಒತ್ತುತ್ತದೆ. ಎತ್ತರದವಳು ಸೂಜಿ ಕಾಣಲೆಂದು ಕುತ್ತಿಗೆ ಮುಂದಕ್ಕೆ ಬಾಗಿಸಿಯೇ ದಿನ ಕಳೆಯಬೇಕು. ಕೈ ಓಡುತ್ತಿರುತ್ತದೆ, ಕುತ್ತಿಗೆ ಹೆಗಲು ಮಾತ್ರ ಅಲ್ಲಾಡದೆ ಬಿಗಿದುಕೊಂಡಿರುತ್ತವೆ. ಬಿಗಿದ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ, ಆಗಾಗ ಅರ್ಧ ನಿಮಿಷ ಸಡಿಲ ಬಿಟ್ಟರೆ ಹರಿಯುತ್ತದೆ. ಆ ಅರ್ಧ ನಿಮಿಷಕ್ಕೆ ಗಂಟೆಯ ಟಾರ್ಗೆಟ್ಟಿನಲ್ಲಿ ಜಾಗವಿಲ್ಲ.

ತಮಾಷೆಯೆಂದರೆ, ಹೊಲಿಗೆ ಮಿಷಿನ್ನಿನ ಸ್ಟ್ಯಾಂಡಿನ ಕಾಲುಗಳಲ್ಲಿ ಎತ್ತರ ಹೊಂದಿಸಲೆಂದೇ ಬೋಲ್ಟು ಕೊಟ್ಟಿರುತ್ತಾರೆ. ಮಿಷಿನ್ ಇಳಿಸಿದ ದಿನ ಬಿಗಿದದ್ದು, ಈಗ ತುಕ್ಕು ಹಿಡಿದಿದೆ. ಒಂದು ಸ್ಪ್ಯಾನರು, ಮೆಕ್ಯಾನಿಕ್ಕಿನ ಹತ್ತು ಹದಿನೈದು ನಿಮಿಷ ಸಾಕು. ಮೊದಲು ಸೀಟು: ಪಾದ ಪೂರ್ತಿ ಊರಬೇಕು. ಆಮೇಲೆ ಮೇಜು: ಮೊಣಕೈ ಮಟ್ಟಕ್ಕೆ, ಇಲ್ಲವೇ ತುಸು ಮೇಲಕ್ಕೆ. ಕಡೆಗೆ ಪೆಡಲನ್ನು ಕಾಲಿನ ಹತ್ತಿರಕ್ಕೆ ಎಳೆಯುವುದು, ಸೂಜಿಯ ಬಳಿ ಒಂದು ಲೈಟು ಕೂರಿಸುವುದು. ಲೈಟು ಮರೆತರೆ ಉಳಿದದ್ದೆಲ್ಲ ದಂಡ, ಕಣ್ಣು ಕಾಣದಿದ್ದರೆ ಕುತ್ತಿಗೆ ಮತ್ತೆ ಬಾಗಿಯೇ ಬಾಗುತ್ತದೆ. ಇಷ್ಟಕ್ಕೆ ಬಜೆಟ್ ಇಲ್ಲ. ಬ್ಯಾನರು, ಬಾಳೆಹಣ್ಣು, ಯೋಗ ಗುರುಗಳ ಶಾಲಿಗೆ ಇದೆ. ಹೆಂಗಸರೇ ಚಿಂದಿ ಬಟ್ಟೆ ಮಡಚಿ ಸ್ಟೂಲಿನ ಮೇಲೆ ಹಾಕಿಕೊಂಡರೆ, ಬಯ್ಯರ್ ಬರುವ ದಿನ ಅದನ್ನೂ ಎತ್ತಿಸುತ್ತಾರೆ. ಫ್ಲೋರು ನೀಟಾಗಿ ಕಾಣಬೇಕಲ್ಲ.

ಹಾಗಂತ ಮಾಲೀಕರಿಗೆ ಕರುಣೆಯಿಲ್ಲ ಅಂತಲ್ಲ. ನೋವು ಅಂದರೆ ಗುಳಿಗೆ ಕೊಡುತ್ತಾರೆ, ಸಾಮಾನ್ಯವಾಗಿ ಡೈಕ್ಲೋಫೆನಾಕ್.

ಡೈಕ್ಲೋಫೆನಾಕ್ ಅಂದಕೂಡಲೇ ರಾಮನಗರ ನೆನಪಾಗುತ್ತದೆ. ಅಲ್ಲಿನ ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ದೇಶದಲ್ಲೆಲ್ಲ ರಣಹದ್ದುಗಳು ಸಾಲುಸಾಲಾಗಿ ಸತ್ತಾಗ ಕಾರಣ ಹುಡುಕಿದರು. ದನಕ್ಕೆ ಈ ಔಷಧ ಕೊಡುತ್ತಿದ್ದರು, ಆ ದನ ಸತ್ತರೆ ಅದನ್ನು ತಿಂದ ಹದ್ದಿನ ಕಿಡ್ನಿ ಹೋಗುತ್ತಿತ್ತು. 2006ರಲ್ಲಿ ದನಗಳಿಗೆ ಇದನ್ನು ನಿಷೇಧಿಸಿದರು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅದೇ ಬೆಟ್ಟದ ಸೀಮೆಯಿಂದ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತುವ ಹೆಂಗಸರ ಕಿಡ್ನಿಯ ಬಗ್ಗೆ ಮಾತ್ರ ಯಾರೂ ಕಾರಣ ಹುಡುಕುತ್ತಿಲ್ಲ. ಟಾಯ್ಲೆಟ್ಟಿಗೆ ಎದ್ದರೆ ಪೀಸು ಕಡಿಮೆಯಾಗುತ್ತದೆಂದು ನೀರು ಕುಡಿಯುವುದಿಲ್ಲ. ನೀರಿಲ್ಲದ ಮೈಗೆ, ಖಾಲಿ ಹೊಟ್ಟೆಗೆ ತಿಂಗಳುಗಟ್ಟಲೆ ಈ ಗುಳಿಗೆ ಬಿದ್ದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಇದು ಔಷಧದಂಗಡಿಯವನಿಗೂ ಗೊತ್ತು. ರಣಹದ್ದಿಗಿರುವ ಭಾಗ್ಯ ಟೈಲರಮ್ಮನಿಗೂ ಬರಲಿ ಅಂದರೆ ಅವಳು ಮೊದಲು ಅಳಿವಿನಂಚಿಗೆ ಹೋಗಬೇಕೇನೋ.

ಗೋಡೌನುಗಳಲ್ಲಿ ಗುಳಿಗೆಯ ಬದಲು ಸೊಂಟದ ಬೆಲ್ಟು. ಫೋಟೋ ಸಮೇತ ವಿತರಣೆ. ನೋವಿಲ್ಲದವರು ಬೆಲ್ಟು ಕಟ್ಟಿಕೊಂಡರೆ ನೋವು ಬರುವುದಿಲ್ಲ ಎನ್ನಲು ಸಾಕಷ್ಟು ಪುರಾವೆಯಿಲ್ಲ ಅಂತ ದುಡಿಯುವವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ 1994ರಲ್ಲೇ ಹೇಳಿಯಾಗಿದೆ. ಭಾರ ಎತ್ತುವುದಕ್ಕೆ ಅದೇ ಸಂಸ್ಥೆ 1991ರಲ್ಲಿ ಕೊಟ್ಟ ಸೂತ್ರ ಶುರುವಾಗುವುದು 23 ಕೆ.ಜಿ.ಯಿಂದ. ಅದೂ ಭಾರ ಮೈಗೆ ಅಂಟಿಕೊಂಡಂತಿರಬೇಕು, ನೆಲದಿಂದ ಬಗ್ಗಿ ಎತ್ತಬಾರದು, ಸೊಂಟ ತಿರುಚಬಾರದು, ಪದೇಪದೇ ಎತ್ತಬಾರದು. ಒಂದೊಂದು ತಪ್ಪಿದಂತೆ ಅಂಕಿ ಇಳಿಯುತ್ತದೆ. ನಮ್ಮ ಸಿಮೆಂಟ್ ಮೂಟೆ 50 ಕೆ.ಜಿ., ಲಾರಿಯಿಂದ ತಲೆಗೆ, ತಲೆಯಿಂದ ಎರಡನೇ ಮಹಡಿಗೆ. ವಿಮಾನ ನಿಲ್ದಾಣದಲ್ಲಿ ನಿಮ್ಮ ಒಂದು ಸೂಟ್‌ಕೇಸು 32 ಕೆ.ಜಿ. ದಾಟಿದರೆ, ಎತ್ತುವವರ ಬೆನ್ನಿಗೆ ತೊಂದರೆ ಅಂತ ವಾಪಸು ಕೊಡುತ್ತಾರೆ. ಬೆನ್ನು ಉಳಿಯಬೇಕಿದ್ದರೆ ಹಮಾಲಿ ಕೆಲಸವನ್ನೂ ವಿಮಾನ ನಿಲ್ದಾಣದಲ್ಲೇ ಹುಡುಕಿಕೊಳ್ಳಬೇಕು. ಮೂಟೆಯನ್ನು 25 ಕೆ.ಜಿ.ಗೆ ಇಳಿಸಿ, ಲಾರಿ ಮಟ್ಟಕ್ಕೆ ಒಂದು ಕಟ್ಟೆ ಕಟ್ಟಿ, ಕೈಗಾಡಿ ಕೊಟ್ಟರೆ ಬೆಲ್ಟೇ ಬೇಡ. ಆದರೆ ಕಟ್ಟೆಯ ಪಕ್ಕ ನಿಂತ ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲ.

ಸೀರೆ ಅಂಗಡಿಯಲ್ಲಿ ಕತೆ ತಿರುಗುಮುರುಗು. ‘ಕೂತು ನೋಡಿ ಮೇಡಂ’ ಅನ್ನುವ ಹುಡುಗಿ ತಾನು ಕೂರುವಂತಿಲ್ಲ. ನಿಂತೇ ಇದ್ದರೆ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುವುದಿಲ್ಲ, ಕಾಲು ಊದುತ್ತದೆ, ನರ ಉಬ್ಬುತ್ತದೆ. ಕೋಯಿಕ್ಕೋಡಿನ ಹೆಂಗಸರು ಹೋರಾಡಿದ ಮೇಲೆ 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಇಂಥವರಿಗೆ ಕುರ್ಚಿ ಕೊಡಿಸಿದವು. ಆಚೀಚೆ ಮನೆಯವರು ಕುರ್ಚಿ ಹಾಕಿಸಿದರು, ನಾವು ಗಡಿಯಾರದ ಮುಳ್ಳು ಎಳೆಯಲು ಕೂತೆವು.

ಸಾಕು ತಮಾಷೆ. ನಲವತ್ತಕ್ಕೇ ಕೈ ಎತ್ತಿ ತಲೆ ಬಾಚಿಕೊಳ್ಳಲಾಗದ ಹೆಂಗಸಿಗೆ ‘ವಯಸ್ಸಾಯ್ತಲ್ಲಮ್ಮ’ ಅನ್ನುತ್ತಾರೆ. ವಯಸ್ಸು ಎರಡೂ ಹೆಗಲಿಗೆ ಆಗಿದೆ, ನೋಯುತ್ತಿರುವುದು ಬಟ್ಟೆ ತಳ್ಳುವ ಒಂದೇ ಹೆಗಲು. ಇದಕ್ಕೂ ವಯಸ್ಸೇ ಕಾರಣವೇ? ಕಾರ್ಖಾನೆ ಕಾಯ್ದೆಯಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳು 29 ಇದ್ದವು, ಅದರ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಅದೇ 29. ಸೀಸದ ವಿಷವಿದೆ, ಕಿವುಡಿದೆ, ಚರ್ಮದ ತುರಿಕೆಯೂ ಇದೆ. ಸೊಂಟವಿಲ್ಲ, ಹೆಗಲಿಲ್ಲ, ಮಣಿಕಟ್ಟಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2010ರ ಪಟ್ಟಿಯಲ್ಲಿ ಕೆಲಸದಿಂದ ಬರುವ ಸ್ನಾಯು, ಮೂಳೆಯ ಕಾಯಿಲೆಗಳಿಗೂ ಜಾಗವಿದೆ, ಮಣಿಕಟ್ಟಿನದ್ದಂತೂ ಹೆಸರು ಹಿಡಿದೇ ಇದೆ. ನಮ್ಮಲ್ಲಿ ಬರೆದುಕೊಳ್ಳುವುದಿಲ್ಲ, ಆದ್ದರಿಂದ ಲೆಕ್ಕವಿಲ್ಲ, ಲೆಕ್ಕವಿಲ್ಲದ್ದರಿಂದ ಸಮಸ್ಯೆಯೂ ಇಲ್ಲ. ಅವಳು ಕೆಲಸ ಬಿಡುತ್ತಾಳೆ, ಹೊಸಬಳು ಆ ವೇಗಕ್ಕೆ ಬರಲು ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ಪೀಸುಗಳು ಆಲ್ಟ್ರೇಷನ್ನಿಗೆ ವಾಪಸು ಬರುತ್ತಿರುತ್ತವೆ. ಆ ನಷ್ಟ ಯಾರದ್ದು ಅಂತ ಅಕೌಂಟೆಂಟ್ ಒಂದು ಸಲ ಕೂಡಿ ನೋಡಿದ್ದರೆ ಸ್ಪ್ಯಾನರು ಯಾವಾಗಲೋ ಬಂದಿರುತ್ತಿತ್ತು.

ಅಷ್ಟರಲ್ಲಿ ಮುಂದಿನ ಯೋಗ ದಿನಕ್ಕೆ ಎಚ್‌ಆರ್‌ನವರು ಎಲ್ಲರ ಅಳತೆ ಬರೆದುಕೊಂಡು ಹೋಗುತ್ತಾರೆ. ಟೀಶರ್ಟು ಸ್ಮಾಲಿನಿಂದ ಡಬಲ್ ಎಕ್ಸೆಲ್‌ವರೆಗೆ ಐದು ಸೈಜಿನಲ್ಲಿ ಬರುತ್ತದೆ. ಸ್ಟೂಲು ಇನ್ನೂ ಒಂದೇ ಸೈಜು.