ಮೈನಸ್ 40ರ ಹಗ್ಗಜಗ್ಗಾಟ

ಮೈನಸ್ 40 ಡಿಗ್ರಿಯಲ್ಲಿ ಒಂದು ಅನುಕೂಲ ಇದೆ. ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಎರಡೂ ಒಂದೇ. ಊರಿಗೆ ಫೋನ್ ಮಾಡಿದಾಗ ಲೆಕ್ಕ ಹಾಕಿ ಹೇಳುವ ತಾಪತ್ರಯವಿಲ್ಲ. ಇನ್ನೊಂದು ಅನುಕೂಲವನ್ನು ನಾನಂತೂ ಇನ್ನೂ ಹುಡುಕುತ್ತಿದ್ದೇನೆ.

ನಾವಿರುವುದು ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಹೊರಗಿನ ಒಂದು ಮರದ ಮನೆಯಲ್ಲಿ. ಇಂಥ ಮನೆಗಳಿಗೆ ಇಲ್ಲಿ ಡ್ರೈ ಕ್ಯಾಬಿನ್ ಅನ್ನುತ್ತಾರೆ. ಕರೆಂಟು ಇದೆ, ಇಂಟರ್ನೆಟ್ ಇದೆ, ನಲ್ಲಿ ಮಾತ್ರ ಇಲ್ಲ. ನೀರನ್ನು ಪೇಟೆಯಿಂದ ಕ್ಯಾನುಗಳಲ್ಲಿ ತರಬೇಕು. ಕಾರು ನಿಲ್ಲುವುದು ರಸ್ತೆಯ ಪಕ್ಕದಲ್ಲಿ. ರಸ್ತೆಯಿಂದ ಮನೆಗೆ ಕಾಡಿನ ದಾರಿ, ಅಲ್ಲಿ ಹಿಮ ತೆಗೆಯುವವರಿಲ್ಲ. ಆ ದಾರಿಗೆ ಸ್ನೋಮೊಬೈಲೇ ಗತಿ. ಇಲ್ಲಿಯವರು ಅದನ್ನು ಸ್ನೋಮಷೀನ್ ಅನ್ನುತ್ತಾರೆ. ನನ್ನ ಹೆಂಡತಿ ಬೇರೆ ಹೆಸರುಗಳಿಂದಲೂ ಕರೆಯುತ್ತಾಳೆ.

ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಟ್ರ್ಯಾಕ್, ಮೇಲೆ ಉದ್ದನೆಯ ಸೀಟು. ಗುಂಡಿ ಒತ್ತಿದರೆ ಸ್ಟಾರ್ಟ್ ಆಗಬೇಕು. ಆಗದಿದ್ದರೆ ಎಳೆದು ಸ್ಟಾರ್ಟ್ ಮಾಡಲು ಇರಲಿ ಅಂತ ಪಕ್ಕದಲ್ಲೊಂದು ಹಗ್ಗ. ಹಿಮಕ್ಕೆಂದೇ ಹುಟ್ಟಿದ ಗಾಡಿ, ಚಳಿಗೆ ಹೆದರಬಾರದು ಅಲ್ವಾ? ಹೆದರುತ್ತದೆ. ಎಂಜಿನ್ ಉರಿಸುವುದು ಪೆಟ್ರೋಲನ್ನಲ್ಲ, ಪೆಟ್ರೋಲಿನ ಆವಿಯನ್ನು. ಈ ಚಳಿಯಲ್ಲಿ ಪೆಟ್ರೋಲ್ ಗಟ್ಟಿಯಾಗುವುದಿಲ್ಲ, ಆದರೆ ಆವಿಯಾಗಲು ಅದಕ್ಕೆ ಮನಸ್ಸೂ ಇರುವುದಿಲ್ಲ. ಬ್ಯಾಟರಿಯ ಕಸುವು ಮೈನಸ್ 18 ಸೆಲ್ಸಿಯಸ್ಸಿಗೇ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಎಂಜಿನ್ನಿನ ಶಕ್ತಿಯನ್ನು ಟ್ರ್ಯಾಕಿಗೆ ಮುಟ್ಟಿಸುವ ಡ್ರೈವ್ ಬೆಲ್ಟು ಮರಗಟ್ಟಿರುತ್ತದೆ. ಟ್ರ್ಯಾಕು ನೆಲ ಕಚ್ಚಿ ಕೂತಿರುತ್ತದೆ. ಹಗ್ಗ ಸುತ್ತಿಕೊಳ್ಳುವ ಚಕ್ರದ ಗ್ರೀಸ್ ಕೂಡ ಗಟ್ಟಿ. ಎಳೆದ ಹಗ್ಗ ವಾಪಸ್ ಒಳಗೆ ಹೋಗಲು ಯೋಚನೆ ಮಾಡುತ್ತದೆ.

ಹಾಗಾಗಿ ಇಲ್ಲಿ ಒಂದು ಪದ್ಧತಿ. ಗಾಡಿಯಿಂದ ಏನೇನು ಬಿಚ್ಚಲು ಬರುತ್ತದೋ ಅದೆಲ್ಲ ರಾತ್ರಿ ಮನೆಯೊಳಗೆ ಬರಬೇಕು. ನಮ್ಮ ಮನೆಯಲ್ಲಿ ಒಲೆಯ ಪಕ್ಕದ ಒಳ್ಳೆಯ ಜಾಗ ಬ್ಯಾಟರಿಯದು. ಬೆಲ್ಟು ಗೋಡೆಯ ಮೊಳೆಯಲ್ಲಿ, ನನ್ನ ಕೋಟನ್ನು ತೆಗೆಸಿ ಅಲ್ಲಿ ಕೂತಿದೆ. ಸ್ಪಾರ್ಕ್ ಪ್ಲಗ್‌ಗಳು ಅಡುಗೆ ಕಪಾಟಿನಲ್ಲಿ, ಸಾಸಿವೆ ಡಬ್ಬಿಯ ಹಿಂದೆ.

"ರೀ, ಒಗ್ಗರಣೆಗೆ ಅಂತ ಕೈ ಹಾಕಿದ್ರೆ ಪ್ಲಗ್ ಸಿಗ್ತಿದೆ. ಇನ್ನೇನು, ಎಂಜಿನ್ನೂ ಒಳಗೆ ತರ್ತೀರಾ?"

ಆಲೋಚನೆ ನನಗೂ ಬಂದಿತ್ತು. ಬಾಗಿಲು ಚಿಕ್ಕದು.

ಜನವರಿಯ ಒಂದು ಬೆಳಿಗ್ಗೆ ಹಾಲು ಮುಗಿದಿತ್ತು. ನೀರಿನ ಕ್ಯಾನೂ ಒಂದೇ ಉಳಿದಿತ್ತು. ಬೆಳಿಗ್ಗೆ ಅಂತ ಸುಮ್ನೆ ಹೇಳುವುದು. ಸೂರ್ಯ ಹುಟ್ಟುವುದು ಹತ್ತೂವರೆಯ ಮೇಲೆ. ಎಂಟೂವರೆಗೆ ಹಣೆಗೆ ಟಾರ್ಚ್ ಕಟ್ಟಿಕೊಂಡು, ಮೂರು ಪದರ ಬಟ್ಟೆ ಹಾಕಿಕೊಂಡು ಹೊರಟೆ. ದಪ್ಪ ಕೈಗವಸಿನಲ್ಲಿ ಪ್ಲಗ್ ಹಿಡಿಯಲು ಆಗುವುದಿಲ್ಲ. ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಲ್ಲೇ ಉಳಿಯುತ್ತದೆ. ತೆಳು ಕೈಗವಸಿನಲ್ಲಿ ಎರಡು ಸುತ್ತು ತಿರುಗಿಸುವುದು, ಒಳಗೆ ಓಡಿಬಂದು ಒಲೆಯ ಮುಂದೆ ಕೈ ಒಡ್ಡುವುದು, ಮತ್ತೆ ಓಡುವುದು. ಅಷ್ಟರಲ್ಲಿ ರಾತ್ರಿಯಿಡೀ ಬೆಚ್ಚಗೆ ಮಲಗಿದ್ದ ಪ್ಲಗ್ ಹೊರಗಿನ ಚಳಿಗೆ ಹೊಂದಿಕೊಂಡಾಗಿತ್ತು.

ಎಂಜಿನ್ನಿಗೆ ಶಾಖ ಕೊಡಲು ಇಲ್ಲಿಯವರದ್ದೇ ಒಂದು ಉಪಾಯವಿದೆ. ಕಳೆ ಸುಡುವ ಪ್ರೊಪೇನ್ ಟಾರ್ಚಿಗೆ ಒಂದು ತಗಡಿನ ಕೊಳವೆ ಜೋಡಿಸಿ, ಬಿಸಿಗಾಳಿಯನ್ನು ಎಂಜಿನ್ನಿನ ಅಡಿಗೆ ಬಿಡುವುದು. ಮೇಲೆ ಹಳೆಯ ಕಂಬಳಿ ಹೊದಿಸುವುದು. ಟಾರ್ಚ್ ತಂದೆ. ಉರಿ ನೋಡಿದರೆ ದೇವರ ಮುಂದಿನ ದೀಪದಷ್ಟೂ ಇಲ್ಲ. ಪ್ರೊಪೇನ್ ಅನಿಲವಾಗಿ ಮೇಲೇಳುವುದು ಮೈನಸ್ 42 ಸೆಲ್ಸಿಯಸ್ಸಿನ ಮೇಲೆ. ಮೈನಸ್ 40 ಅಂದರೆ ಅದಕ್ಕೂ ಎದ್ದೆನೋ ಬಿದ್ದೆನೋ ಅನ್ನುವ ಸ್ಥಿತಿ. ಎಂಜಿನ್ ಬಿಸಿಯಾಗಬೇಕಾದರೆ ಮೊದಲು ಗ್ಯಾಸ್ ಸಿಲಿಂಡರ್ ಬಿಸಿಯಾಗಬೇಕು. ಸಿಲಿಂಡರನ್ನು ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಬೇಕು. ನೀರು ಎಲ್ಲಿದೆ? ಆ ಕೊನೆಯ ಕ್ಯಾನಿನಲ್ಲಿ.

"ನೀರು ತರೋ ಗಾಡಿಗೆ ಅಂತ ಇರೋ ನೀರನ್ನೂ ಸುರೀತಿದ್ದೀರಲ್ಲ," ಎಂದಳು ಹೆಂಡತಿ. ಕಾಫಿಗೆ ಎರಡು ಲೋಟ ಮೊದಲೇ ತೆಗೆದಿಟ್ಟುಕೊಂಡಿದ್ದಳು.

ಅದೇ ಹೊತ್ತಿಗೆ ಶಿವಮೊಗ್ಗದಿಂದ ಅಮ್ಮನ ಫೋನು. ಅಲ್ಲಿ ರಾತ್ರಿ ಹನ್ನೊಂದು, ನಿದ್ದೆ ಬಂದಿರಲಿಲ್ಲವಂತೆ.

"ಗಾಡಿ ಸ್ಟಾರ್ಟ್ ಆಗ್ತಿಲ್ವೇನೋ? ಬಿಸಿನೀರು ಹುಯ್ಯೋ."

"ಅಮ್ಮ, ಇಲ್ಲಿ ಕುದಿಯೋ ನೀರು ಎರಚಿದ್ರೆ ಗಾಳಿಯಲ್ಲೇ ಮಂಜಾಗಿ ಹೋಗುತ್ತೆ."

"ಹಂಗಾದ್ರೆ ವಾಲಿಸಿ ನೋಡು. ನಿಮ್ಮಪ್ಪ ದಿನಾ ಬೆಳಿಗ್ಗೆ ಸ್ಕೂಟರ್ ವಾಲಿಸಿ ಒದೀತಿರಲಿಲ್ವಾ?"

ಇದು ಇನ್ನೂರು ಕಿಲೋ ಮೀರಿದ ಗಾಡಿ, ನೆಲಕ್ಕೆ ಬೇರೆ ಅಂಟಿಕೊಂಡಿದೆ ಎಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಚಳಿಗೆ ಫೋನೂ ಆಫ್ ಆಯಿತು. ನಾನೇ ಕಟ್ ಮಾಡಿದೆ ಅಂತ ಅಮ್ಮನಿಗೆ ಈಗಲೂ ಅನುಮಾನ.

ಆದರೆ ಅಮ್ಮ ಹೇಳಿದ್ದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಪಕ್ಕದ ಮನೆಯ ಮುದುಕ ಬಂದವನೇ ಮಾಡಿದ ಮೊದಲ ಕೆಲಸ ಗಾಡಿಯನ್ನು ಅಲ್ಲಾಡಿಸಿದ್ದು. ಸ್ಕೀಗಳನ್ನು ಆ ಕಡೆ ಈ ಕಡೆ ಎಳೆದ, ಹಿಂಭಾಗ ಎತ್ತಿ ಧಡ್ ಎಂದು ಬಿಟ್ಟ, ಟ್ರ್ಯಾಕ್ ನೆಲ ಬಿಟ್ಟಿತು. ಅವನು ಹಿಮದ ಬಂಡಿ ಎಳೆಯುವ ಸ್ಲೆಡ್ ನಾಯಿಗಳನ್ನು ಸಾಕಿದ್ದಾನೆ. ಅವು ಹೊರಗೇ, ಹುಲ್ಲಿನ ಮೇಲೆ ಮೂಗಿಗೆ ಬಾಲ ಸೇರಿಸಿ ಮಲಗುತ್ತವೆ. ಕಟ್ಟುವ ಪಟ್ಟಿ ಕೈಯಲ್ಲಿ ಕಂಡರೆ ಸಾಕು, ಎದ್ದು ಕುಣಿಯುತ್ತವೆ. ಚೋಕ್ ಇಲ್ಲ, ಪ್ಲಗ್ ಇಲ್ಲ. ಕೆನಡಾದ ಕ್ವಿಬೆಕ್ಕಿನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ 1959ರಲ್ಲಿ ಸ್ಕೀ-ಡೂ ಎಂಬ ಸ್ನೋಮೊಬೈಲನ್ನು ಮಾರಾಟಕ್ಕೆ ತಂದದ್ದು ಉತ್ತರದ ಬೇಟೆಗಾರರಿಗೂ ಪಾದ್ರಿಗಳಿಗೂ ಇಂಥ ನಾಯಿಗಳ ಬದಲು ಆಗಲಿ ಅಂತ. ಕೆಲವೇ ವರ್ಷಗಳಲ್ಲಿ ಉತ್ತರದ ಹಳ್ಳಿಗಳಲ್ಲಿ ನಾಯಿಬಂಡಿ ಮೂಲೆ ಸೇರಿತು. ಆ ಬೆಳಿಗ್ಗೆ ಬೇಲಿಯಾಚೆಯಿಂದ ನಾಯಿಗಳು ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಅದರ ಸೇಡು ಇತ್ತು.

ಮುದುಕ ಜಾಸ್ತಿ ಮಾತಾಡುವವನಲ್ಲ. ಚೋಕ್ ಪೂರ್ತಿ ಎಳೆದ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಪ್ರೈಮರ್ ಒತ್ತಿದ. ಹಗ್ಗವನ್ನು ಮೊದಲು ನಿಧಾನವಾಗಿ ಎಳೆದೆಳೆದು ಒಳಗಿನ ಎಣ್ಣೆ ಸಡಿಲ ಮಾಡಿದ. ಆಮೇಲೆ ನನ್ನ ಕಡೆ ಕೈ ತೋರಿಸಿ ಪಕ್ಕಕ್ಕೆ ನಿಂತ. ಕಾಲು ಊರಿ ಎಳೆದೆ. ಇನ್ನೊಮ್ಮೆ ಎಳೆದೆ. ಮೀಸೆಯ ಮೇಲೆ ಮಂಜು ಕಟ್ಟಿತು, ಬೆನ್ನಲ್ಲಿ ಬೆವರಿಳಿಯಿತು. ಒಂದೇ ದೇಹದಲ್ಲಿ ಕಾಶ್ಮೀರವೂ ರಾಯಚೂರೂ. ಕೊನೆಗೊಮ್ಮೆ ಎಂಜಿನ್ ಕೆಮ್ಮಿತು, ಸತ್ತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ನೀಲಿ ಹೊಗೆ ಮೇಲೆ ಹೋಗಲೂ ಆಗದೆ ಅಲ್ಲೇ ನಿಂತಿತು. ಹೆಂಡತಿ ಬಾಗಿಲಿಂದ ಚಪ್ಪಾಳೆ ತಟ್ಟಿದಳು. ಕೈಗವಸು ಹಾಕಿದ್ದರಿಂದ ಸದ್ದು ಬರಲಿಲ್ಲ.

ಟ್ರ್ಯಾಕ್ ಸಡಿಲವಾಗಿ ತಿರುಗಲಿ ಅಂತ ಹಿಂಭಾಗವನ್ನು ಸ್ಟ್ಯಾಂಡಿನ ಮೇಲಿಟ್ಟು ಸ್ವಲ್ಪ ಹೊತ್ತು ಓಡಿಸಿದೆವು. ಖಾಲಿ ಕ್ಯಾನುಗಳ ಗಾಡಿಯನ್ನು ಹಿಂದೆ ಕಟ್ಟಿಕೊಂಡು ರಸ್ತೆ ಮುಟ್ಟಿದೆವು. ಅಲ್ಲಿ ಹೊಸ ಸಮಸ್ಯೆ. ಈಗ ಇದನ್ನು ಆಫ್ ಮಾಡಬೇಕು. ಅಷ್ಟು ಗೋಳಾಡಿ ಎಬ್ಬಿಸಿದ್ದನ್ನು ಮತ್ತೆ ಮಲಗಿಸಲು ಕೈ ಬರುತ್ತದೆಯೇ? ಬಿಟ್ಟು ಹೋಗುವ ಹಾಗೂ ಇಲ್ಲ. ಹೆಂಡತಿಯೇ ಕೀ ತಿರುಗಿಸಿದಳು. ನಾನು ಕ್ಯಾನುಗಳನ್ನು ಕಾರಿಗೆ ತುಂಬುವಷ್ಟರಲ್ಲಿ ಬ್ಯಾಟರಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

ಕಾರಿನದು ಅಷ್ಟು ಕಷ್ಟವಿಲ್ಲ. ಇಲ್ಲಿ ಎಲ್ಲ ಕಾರುಗಳ ಮೂತಿಯಿಂದಲೂ ಒಂದು ಕರೆಂಟ್ ವೈರು ನೇತಾಡುತ್ತಿರುತ್ತದೆ, ಎಂಜಿನ್ ಬಿಸಿಮಾಡಲು. ರಾತ್ರಿಯಿಂದ ಕಂಬಕ್ಕೆ ಸಿಕ್ಕಿಸಿದ್ದರಿಂದ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ನಿಂತಲ್ಲೇ ಟೈರಿನ ತಳ ಚಪ್ಪಟೆಯಾಗಿ ಮರಗಟ್ಟಿತ್ತು. ಮೊದಲ ಕೆಲವು ಕಿಲೋಮೀಟರ್ ಧಡಕ್ ಧಡಕ್ ಎಂದು ಚೌಕದ ಚಕ್ರಗಳ ಮೇಲೆ ಹೋದೆವು.

ಅಂಗಡಿಯಲ್ಲಿ ಟ್ರಾಲಿಯ ತುಂಬ ಹಾಲು, ಈರುಳ್ಳಿ, ಮೊಸರು. ಮಗುವನ್ನು ಕೂರಿಸುವ ಜಾಗದಲ್ಲಿ ಬ್ಯಾಟರಿ. ಕಾರಿನಲ್ಲಿ ಬಿಟ್ಟರೆ ತಣ್ಣಗಾಗುತ್ತದೆ ಎಂದು ಹೆಂಡತಿಯ ವಾದ. ಕೌಂಟರಿನ ಹುಡುಗಿ ಇದನ್ನೂ ಬಿಲ್ ಮಾಡುತ್ತಾಳೇನೋ ಎಂದು ನಾನು ವಿವರಣೆ ಸಿದ್ಧಮಾಡಿಕೊಳ್ಳುತ್ತಿದ್ದೆ. ಅವಳು ಬ್ಯಾಟರಿಯನ್ನು ಮುಟ್ಟಲಿಲ್ಲ. ನಮ್ಮಿಬ್ಬರನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ಬೆಲ್ಟ್ ಅಲ್ಲೇ ಬಿಟ್ಟು ಬಂದ್ರಾ?"

ಹೆಂಡತಿ ಜಾಕೆಟ್ಟಿನ ಜಿಪ್ ಇಳಿಸಿ ತೋರಿಸಿದಳು.