“ಯಾವ ನಾಟಕಮ್ಮಾ? ಯಾವ ಹೆಂಗಸು?”

ಎಂ.ಎ. ಇಂಗ್ಲಿಷ್ ಮೊದಲ ವರ್ಷದಲ್ಲಿ ಪೇಪರ್, ಅಂದರೆ ಪ್ರಬಂಧ, ಬರೆಯಲು ನನಗೆ ಸಿಕ್ಕ ವಿಷಯ, ಶೇಕ್ಸ್‌ಪಿಯರ್ ನಾಟಕಗಳಲ್ಲಿ ಮಹಿಳೆಯರು. ಮೂರು ದಿನ ಲೈಬ್ರರಿಯಲ್ಲಿ ಕೂತೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದುಕೊಂಡೆ. ನೋಟ್‌ಬುಕ್ ತುಂಬಿತು, ಪೇಪರಿನ ಒಂದು ಸಾಲೂ ಹುಟ್ಟಲಿಲ್ಲ. ನಾಲ್ಕನೇ ದಿನ ಲೈಬ್ರರಿಯನ್ ಮೇಡಂ ಪಕ್ಕಕ್ಕೆ ಬಂದು ಕೇಳಿದರು, “ಯಾವ ನಾಟಕಮ್ಮಾ? ಯಾವ ಹೆಂಗಸು?”

ಈಗ ಪಾಠ ಮಾಡುವ ನಾನು ಅದೇ ಎರಡು ಪ್ರಶ್ನೆ ಕೇಳುತ್ತೇನೆ.

ಮ್ಯಾಕ್‌ಬೆತ್‌ನ ಹೆಂಡತಿಯನ್ನೇ ತೆಗೆದುಕೊಳ್ಳಿ. ನಾಟಕದ ಉದ್ದಕ್ಕೂ ತನ್ನ ಮಾತನ್ನು ಪದ್ಯದಲ್ಲಿ ಆಡಿದವಳು, ಐದನೇ ಅಂಕದ ಮೊದಲ ದೃಶ್ಯದಲ್ಲಿ ನಿದ್ದೆಯಲ್ಲಿ ನಡೆಯುತ್ತಾ, ಕೈ ಉಜ್ಜುತ್ತಾ, ಗದ್ಯಕ್ಕೆ ಇಳಿಯುತ್ತಾಳೆ. ಯಾಕೆ? ಇಷ್ಟು ಸಣ್ಣ ಪ್ರಶ್ನೆ ಕೈಯಲ್ಲಿದ್ದರೆ ಸಾಕು, ರ‍್ಯಾಕ್ ಮುಂದೆ ಭಯ ಆಗುವುದಿಲ್ಲ.

ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ ಲೈಬ್ರರಿಯಲ್ಲಿ 822 ಅಂದರೆ ಇಂಗ್ಲಿಷ್ ನಾಟಕ. 822.33 ಶೇಕ್ಸ್‌ಪಿಯರ್ ಒಬ್ಬನದೇ. ಅಲ್ಲಿ ಮೊದಲು ಟಿಪ್ಪಣಿ ಇರುವ ಒಂದು ಒಳ್ಳೆಯ ಆವೃತ್ತಿ ತೆಗೆಯಿರಿ. ಮುನ್ನುಡಿ ಓದಿ. ಆ ದೃಶ್ಯದ ಅಡಿಟಿಪ್ಪಣಿಗಳನ್ನು ಬಿಡದೆ ಓದಿ. ಅವು ಹೆಸರಿಸುವ ವಿಮರ್ಶಕರ ಪುಸ್ತಕ ಹುಡುಕಿ, ಆದರೆ ಪುಸ್ತಕ ಪೂರ್ತಿ ಓದಲು ಹೋಗಬೇಡಿ. ಯಾವ ವಿಷಯ ಯಾವ ಪುಟದಲ್ಲಿದೆ ಅಂತ ಹೇಳುವ ಕೊನೆಯ ಪಟ್ಟಿ, ಅಂದರೆ ಇಂಡೆಕ್ಸ್‌ನಲ್ಲಿ ‘ಗದ್ಯ’ ಎಲ್ಲಿದೆ ನೋಡಿ, ಆ ಪುಟಕ್ಕೆ ಹೋಗಿ. ಶೇಕ್ಸ್‌ಪಿಯರ್ ವಿಮರ್ಶಕ ಎ.ಸಿ. ಬ್ರಾಡ್ಲಿ ಈ ಗದ್ಯದ ಮಾತನ್ನು 1904ರಲ್ಲೇ ಎತ್ತಿದ್ದರು. ಅವರನ್ನು ಒಪ್ಪುತ್ತೀರಾ, ಇಲ್ವಾ? ನಿಮ್ಮ ಪೇಪರ್ ಶುರುವಾಗುವುದೇ ಅಲ್ಲಿ. ಬರೆದುಕೊಂಡ ಪ್ರತಿ ಮಾತಿನ ಪಕ್ಕ ಪುಟಸಂಖ್ಯೆ ಇರಲಿ. ಅದಿಲ್ಲದೆ ಕೊನೆಯ ರಾತ್ರಿ ಅತ್ತವರನ್ನು ನೋಡಿದ್ದೇನೆ.

ತಪ್ಪು ಜಾಸ್ತಿ ನಮ್ಮದೇ, ಮೇಷ್ಟ್ರುಗಳದ್ದು. ವಿಷಯ ಕೊಡುತ್ತೇವೆ, ಕೊನೆಯ ದಿನಾಂಕ ಕೊಡುತ್ತೇವೆ, ಅಲ್ಪವಿರಾಮ ತಪ್ಪಿದರೆ ಅಂಕ ಕಳೆಯುತ್ತೇವೆ. ಇಂಡೆಕ್ಸ್ ಅಂದರೇನು ಅಂತ ಒಬ್ಬರೂ ತೋರಿಸುವುದಿಲ್ಲ. ಹಳ್ಳಿಯ ಶಾಲೆಯಿಂದ ಬಂದ ಮಗು ಅಷ್ಟು ದೊಡ್ಡ ಲೈಬ್ರರಿಯನ್ನು ಮೊದಲ ಸಲ ನೋಡುತ್ತಿರುತ್ತದೆ. ಅದು ರೆಡಿ ನೋಟ್ಸ್ ಕಡೆ ಓಡಿದರೆ ‘ಕಾಪಿ ಹೊಡೆದೆ’ ಅಂತ ಬೈಯುತ್ತೇವೆ. ಇದು ನ್ಯಾಯ ಅಲ್ಲ. ಈಗಂತೂ ಫೋನಿನಲ್ಲಿ ಎಐ ಹೇಳುವ ಪುಸ್ತಕ ಕೆಲವೊಮ್ಮೆ ಲೋಕದಲ್ಲೇ ಇರುವುದಿಲ್ಲ.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಲೈಬ್ರರಿಗೆ ಐದು ಸೂತ್ರ ಕೊಟ್ಟರು. ನಾಲ್ಕನೆಯದು, ಓದುಗರ ಸಮಯ ಉಳಿಸಿ ಅಂತ. ನಮ್ಮ ಮೇಡಂ ಅವತ್ತು ಮಾಡಿದ್ದು ಅದನ್ನೇ, ಅಲ್ವಾ? ಪೇಪರ್ ಕೊಡುವ ವಾರದಲ್ಲಿ ಒಂದು ಪೀರಿಯಡ್ ಲೈಬ್ರರಿಯನ್‌ಗೆ ಬಿಟ್ಟುಕೊಡಿ ಅಂತ ಪ್ರತಿ ವರ್ಷ ಕೇಳುತ್ತಿದ್ದೇನೆ. ಸುಮ್ನೆ ಕಟ್ಟಡ ತೋರಿಸಲು ಅಲ್ಲ, ಪುಸ್ತಕ ಕೈಗೆ ಕೊಟ್ಟು ಕಲಿಸಲು.

ಕಳೆದ ವರ್ಷ ಒಬ್ಬ ಹುಡುಗಿ ಇಂಗ್ಲಿಷ್ ಸಾಲು ಮುಗಿಸಿ ಆಚೆ ಮೂಲೆಯ ಕನ್ನಡ ರ‍್ಯಾಕಿಗೆ ಹೋದಳು. ಡಿ.ವಿ.ಜಿ. ಅವರು ಅನುವಾದಿಸಿದ ಮ್ಯಾಕ್‌ಬೆತ್ ತಂದಳು. ಎರಡೂ ಪುಸ್ತಕದಲ್ಲಿ ಆ ದೃಶ್ಯ ತೆರೆದಿಟ್ಟು ಸಾಲು ಸಾಲು ಹೋಲಿಸುತ್ತಾ ಕೂತಳು. ಊಟದ ಬೆಲ್ ಹೊಡೆದರೂ ಏಳಲಿಲ್ಲ.